ಬಸಳೆಗೆ ಎಷ್ಟು ಜಾಗ ಬೇಕು

ಚೆನ್ನೈನ ಮಾರುಕಟ್ಟೆಯಲ್ಲಿ ಬಸಳೆ ಸಿಗಬಹುದೆಂದು ‘ಪಸಲೈ ಕೀರೈ’ ಕೇಳಿದವರ ಕೈಗೆ ಹೆಚ್ಚಿನ ಸಲ ಬರುವುದು ಪಾಲಕ್. ಬಸಳೆಯೇ ಬೇಕಿದ್ದರೆ ‘ಕೊಡಿ ಪಸಲೈ’, ಅಂದರೆ ಬಳ್ಳಿಯ ಪಸಲೈ ಎಂದು ಬಿಡಿಸಿ ಹೇಳಬೇಕು. ಹೈದರಾಬಾದಿನಲ್ಲಿ ಅದು ಬಚ್ಚಲಿ. ಮುಂಬೈ, ಪುಣೆಗಳಲ್ಲಿ ಮಾಯಾಳು, ಅಲ್ಲಿನ ಕೊಂಕಣಿ ಮನೆಗಳಲ್ಲಿ ವಾಲಿ. ದೆಹಲಿಯಲ್ಲಾದರೆ ಚಿತ್ತರಂಜನ್ ಪಾರ್ಕಿನ ಬಂಗಾಳಿ ಮಾರುಕಟ್ಟೆಗೆ ಹೋಗಿ ‘ಪುಯಿ ಶಾಕ್’ ಎನ್ನಬೇಕು. ಪಸಲೈ, ಬಚ್ಚಲಿ, ಬಸಳೆ ಮೂರೂ ಅಕ್ಕತಂಗಿಯರಂಥ ಮಾತುಗಳು ಎಂಬುದು ಕಿವಿಗೇ ಗೊತ್ತಾಗುತ್ತದೆ. 1753ರಲ್ಲಿ ಲಿನೇಯಸ್ ಈ ಬಳ್ಳಿಗೆ ‘ಬಸೆಲ್ಲಾ’ ಎಂಬ ಶಾಸ್ತ್ರೀಯ ಹೆಸರನ್ನು ಕೊಟ್ಟದ್ದೂ ಮಲಬಾರಿನ ಆಡುಮಾತಿನಿಂದ ಎತ್ತಿಕೊಂಡೇ. ಹೆಸರು ಜಗತ್ತಿನ ಎಲ್ಲ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿದೆ. ದಂಟಿನ ಸಮೇತ ಒಂದು ಕಟ್ಟು ಬಸಳೆ ಮಾತ್ರ ಡೊಂಬಿವಿಲಿಯ ಸ್ಟೇಷನ್ ರಸ್ತೆಯಲ್ಲಿ ಬೇಕೆಂದ ದಿನ ಸಿಗುವುದಿಲ್ಲ.

ಸಿಕ್ಕರೂ ಎಳೆ ಎಲೆ ಮಾತ್ರ. ಮುಂಬೈ ಕಡೆ ಮಾಯಾಳು ಎಂದರೆ ಬಜ್ಜಿಯ ಎಲೆ. ದಪ್ಪ ಎಲೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ, ದಂಟನ್ನು ಕೇಳುವವರಿಲ್ಲ. ದಕ್ಷಿಣ ಕನ್ನಡದ ಅಡುಗೆಗೆ ಬೇಕಾದದ್ದು ಆ ದಂಟೇ. ಹೆಬ್ಬೆರಳಿನಷ್ಟು ದಪ್ಪದ, ಬೆಂದ ಮೇಲೆ ಹಲ್ಲಿಗೆ ಸಿಕ್ಕಿ ಒಳಗಿನ ಲೋಳೆ ನಾಲಗೆಗೆ ಜಾರುವ ದಂಟು. ಹಲಸಿನ ಬೀಜ ಹಾಕಿ, ತೆಂಗಿನಕಾಯಿ ಅರೆದು ಮಾಡುವ ಬಸಳೆ ಹುಳಿಯಲ್ಲಿ ಎಲೆ ನೆಪಕ್ಕೆ.

ನಗರದ ಚಿಕ್ಕ ಮನೆಯಲ್ಲಿ ತರಕಾರಿ ಬೆಳೆಯುವ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಟೊಮೆಟೊದಿಂದ ಶುರುಮಾಡುತ್ತಾರೆ. ಬಸಳೆಯಿಂದ ಶುರುಮಾಡಿದರೆ ಲೆಕ್ಕ ಸರಿಯಾಗಿ ಕಾಣುತ್ತದೆ. ಒಬ್ಬರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ಜನರ ಮನೆಗೆ ದಿನಕ್ಕೆ 1.6 ಕಿಲೋ, ತಿಂಗಳಿಗೆ 48 ಕಿಲೋ. ಕಿಟಕಿಯ ಹೊರಗೆ ಚಾಚಿಕೊಂಡ, ಒಬ್ಬರು ಕಾಲು ಮಡಚಿ ಕೂರಬಹುದಾದಷ್ಟು ಅಗಲದ ಕಬ್ಬಿಣದ ಗ್ರಿಲ್ಲಿನಿಂದ 48 ಕಿಲೋ ತೆಗೆಯುವುದು ಯಾರ ಕೈಯಲ್ಲೂ ಆಗದ ಕೆಲಸ. ಆರು ಕುಂಡಗಳ ಟೊಮೆಟೊ ತಿಂಗಳಿಡೀ ನೀರು ಕುಡಿದು ಎರಡು ದಿನದ ಸಾರಿಗೆ ಆಗುತ್ತದೆ. ಅದೇ ಟೊಮೆಟೊ ಕೆಳಗಿನ ಕೈಗಾಡಿಯಲ್ಲಿ ದಿನವೂ ಇರುತ್ತದೆ. ಹಾಗಾಗಿ ಗ್ರಿಲ್ಲಿನಲ್ಲಿ ಬೆಳೆಯಬೇಕಾದದ್ದು ಕೈಗಾಡಿಯಲ್ಲಿ ಇಲ್ಲದ್ದನ್ನು. ಇಲ್ಲವೇ ಒಂದು ಹಿಡಿ ಬೇಕಾದಾಗ ಒಂದು ಕಟ್ಟು ಕೊಳ್ಳಬೇಕಾಗಿ ಬರುವಂಥದ್ದನ್ನು: ಕರಿಬೇವು, ದೊಡ್ಡಪತ್ರೆ, ಒಂದೆಲಗ, ವೀಳ್ಯದೆಲೆ, ಬಸಳೆ.

ಜಾಗ ಇದ್ದರೆ ಮಾತು ಬೇರೆ. ಮುಂಬೈ ಪೋರ್ಟ್ ಟ್ರಸ್ಟಿನ ಅಡುಗೆಮನೆಯ ತಾರಸಿಯಲ್ಲಿ, 2000ದ ದಶಕದ ಆರಂಭದಿಂದ, ಅಲ್ಲಿನ ಅಡುಗೆ ವಿಭಾಗದ ಅಧಿಕಾರಿ ಪ್ರೀತಿ ಪಾಟೀಲ್ ಮತ್ತು ಸಿಬ್ಬಂದಿ ಅಡುಗೆಮನೆಯ ಕಸವನ್ನೇ ಗೊಬ್ಬರ ಮಾಡಿ ಹಣ್ಣಿನ ಗಿಡಗಳನ್ನೂ ತರಕಾರಿಯನ್ನೂ ಬೆಳೆದರು. ಅದು ದೊಡ್ಡ ತಾರಸಿ, ದಿನಾ ಬರುವ ರಾಶಿ ಸಿಪ್ಪೆ, ಕೆಲಸಕ್ಕೆ ಜನ. ಬಾಡಿಗೆಯ ಅಥವಾ ಸಾಲದ ಫ್ಲ್ಯಾಟಿನಲ್ಲಿ ಇರುವುದು ಒಂದು ಕಿಟಕಿ.

ಡೊಂಬಿವಿಲಿ ಪೂರ್ವದ ಒಂದು ಹೌಸಿಂಗ್ ಸೊಸೈಟಿಯ ಮೂರನೇ ಮಹಡಿಯ ಮನೆಗೆ ಹೀಗೊಂದು ಬಸಳೆ ಬಂತು. ಪುತ್ತೂರಿನ ಹತ್ತಿರದ ಹಳ್ಳಿಯಿಂದ, ಮತ್ಸ್ಯಗಂಧ ರೈಲಿನಲ್ಲಿ, ಒದ್ದೆ ಬಟ್ಟೆ ಸುತ್ತಿದ ಮೂರು ತುಂಡು ಬಳ್ಳಿಯಾಗಿ. ತಂದವರು ಆ ಮನೆಯ ಅತ್ತೆ. ಮಾವ ತೀರಿಕೊಂಡ ವರ್ಷ ತೋಟವನ್ನು ಲೀಸಿಗೆ ಕೊಟ್ಟು, ಮನೆಗೆ ಬೀಗ ಹಾಕಿ, ಮಗ ಅವರನ್ನು ಕರೆದುಕೊಂಡು ಬಂದಿದ್ದ. ಎಪ್ಪತ್ತು ದಾಟಿತ್ತು. ಸೊಸೆ ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಿಲಿಯಲ್ಲೇ. ಮನೆಯಲ್ಲಿ ಕನ್ನಡ, ಮೆಟ್ಟಿಲಿಳಿದರೆ ಮರಾಠಿ. ಅತ್ತೆಯನ್ನು ಅವಳು ಚೆನ್ನಾಗಿಯೇ ನೋಡಿಕೊಂಡಳು.

ತೊಂದರೆ ಇದ್ದದ್ದು ಬೇರೆಡೆ. ಊರಿನ ಮನೆಯಲ್ಲಿ ಅತ್ತೆ ಕೊಡುವವರಾಗಿದ್ದರು. ಬಂದವರು ಯಾರೇ ಇರಲಿ, ಹೊರಡುವಾಗ ಕೈಯಲ್ಲಿ ಒಂದು ಬಾಳೆಕಾಯಿ ಗೊನೆಯ ತುಂಡೋ ಸೌತೆಯೋ ಒಂದು ಹೊರೆ ಬಸಳೆಯೋ ಇರುತ್ತಿತ್ತು. ಡೊಂಬಿವಿಲಿಯಲ್ಲಿ ಅವರು ಪ್ರತಿಯೊಂದನ್ನೂ ಕೇಳಿ ಪಡೆಯುವವರಾದರು. ಒಗ್ಗರಣೆಗೆ ಕರಿಬೇವು ಬೇಕೆಂದರೆ ಸೊಸೆ ಆಫೀಸಿನಿಂದ ಬರುವಾಗ ತರಬೇಕು. ಕೇಳಿದರೆ ತರುತ್ತಿದ್ದಳು. ಅತ್ತೆ ಕೇಳುವುದನ್ನೇ ನಿಲ್ಲಿಸಿದರು. ಮೊದಲು ಕರಿಬೇವು, ಆಮೇಲೆ ಎಲೆ ಅಡಿಕೆ, ಆಮೇಲೆ ಎರಡನೇ ಸಲ ಅನ್ನ.

ಬಳ್ಳಿಯ ತುಂಡುಗಳು ಎರಡು ದಿನ ಬಕೆಟಿನ ನೀರಿನಲ್ಲಿದ್ದವು. ಮೂರನೇ ದಿನ ಅತ್ತೆ ಮಣ್ಣು ಕೇಳಿದರು. ಸೊಸೆ ನರ್ಸರಿಗೆ ಕರೆದುಕೊಂಡು ಹೋದಳು. ಅಲ್ಲಿ ಗೋಣಿಚೀಲದಲ್ಲಿ ಕೆಂಪು ಮಣ್ಣು, ಇಟ್ಟಿಗೆಯಂತೆ ಒತ್ತಿದ ಕೋಕೋಪೀಟ್, ಪೊಟ್ಟಣದಲ್ಲಿ ಎರೆಗೊಬ್ಬರ, ಎಲ್ಲಕ್ಕೂ ದರದ ಚೀಟಿ.

“ಇಲ್ಲಿ ಮಣ್ಣಿಗೂ ದುಡ್ಡು ಕೊಡ್ಬೇಕಾ ಮಾರಾಯ್ತಿ?” ಎಂದರು ಅತ್ತೆ.

ದುಡ್ಡು ಕೊಡಬೇಕು, ಮೇಲಾಗಿ ಅದರ ಭಾರವನ್ನೂ ಲೆಕ್ಕ ಹಾಕಬೇಕು. 20 ಲೀಟರಿನ ಪೇಂಟ್ ಡಬ್ಬದಲ್ಲಿ ಬರೀ ಕೆಂಪು ಮಣ್ಣು ತುಂಬಿ ನೀರು ಹಾಕಿದರೆ 30 ಕಿಲೋ ದಾಟುತ್ತದೆ. ಅಂಥ ನಾಲ್ಕು ಡಬ್ಬ ಎಂದರೆ ಇಬ್ಬರು ದೊಡ್ಡವರು ಹಗಲು ರಾತ್ರಿ ಗ್ರಿಲ್ಲಿನಲ್ಲಿ ಕೂತ ಹಾಗೆ. ಗೋಡೆಗೆ ನಾಲ್ಕಾರು ಬೋಲ್ಟು ಬಿಗಿದು ನಿಲ್ಲಿಸಿದ ಗ್ರಿಲ್ಲನ್ನು ಅದಕ್ಕೆಂದು ಮಾಡಿರುವುದಿಲ್ಲ. ಮಣ್ಣು, ಕೋಕೋಪೀಟ್, ಗೊಬ್ಬರ ಸಮಪಾಲು ಬೆರೆಸಿದರೆ ಭಾರ ಎಷ್ಟೋ ಇಳಿಯುತ್ತದೆ, ಬೇರಿಗೆ ಗಾಳಿಯೂ ಸಿಗುತ್ತದೆ. ಅತ್ತೆ ಕೋಕೋಪೀಟನ್ನು ಕೈಯಲ್ಲಿ ಉದುರಿಸಿ ನೋಡಿದರು. ತೆಂಗಿನ ಸಿಪ್ಪೆಯ ಹೊಟ್ಟು! ಊರಿನಲ್ಲಿ ಅದನ್ನು ಬಚ್ಚಲ ಒಲೆಗೆ ಹಾಕುತ್ತಿದ್ದರು.

ಬಸಳೆ ಬೆಳೆಸುವುದರಲ್ಲಿ ಗುಟ್ಟೇನಿಲ್ಲ. ಎರಡು ಮೂರು ಗಿಣ್ಣುಗಳಿರುವ ಬಲಿತ ದಂಟು, ಕೆಳಗಿನ ಗಿಣ್ಣು ಮಣ್ಣಿನೊಳಗೆ, ತಳದಲ್ಲಿ ತೂತಿರುವ ಡಬ್ಬ, ಹತ್ತಲು ಒಂದು ಹಗ್ಗ. ಊರಿನ ಚಪ್ಪರದ ಬದಲು ಇಲ್ಲಿ ಗ್ರಿಲ್ಲಿನ ಸರಳುಗಳಿಗೆ ನೈಲಾನ್ ದಾರ ಕಟ್ಟಲಾಯಿತು. ಅಕ್ಕಿ ತೊಳೆದ ಅಕ್ಕಚ್ಚು ಊರಿನಲ್ಲಿ ಹಸುವಿಗೆ ಹೋಗುತ್ತಿತ್ತು. ಇಲ್ಲಿ ಅದು ಬಸಳೆಯ ಪಾಲಾಯಿತು. ನಲ್ಲಿ ನೀರು ಬರುವ ಹೊತ್ತಿಗೆ ಕಾಯುವ ಮನೆಯಲ್ಲಿ ಅದು ಸಣ್ಣ ಅನುಕೂಲವಲ್ಲ. ಎಲೆಗೆ ಬಿಳಿ ಹಿಟ್ಟು ತಿಗಣೆ ಬಂದಾಗ ಬೇವಿನೆಣ್ಣೆಗೆ ನಾಲ್ಕು ಹನಿ ಸೋಪಿನ ನೀರು ಸೇರಿಸಿ ಚಿಮುಕಿಸಿದ್ದು ಸೊಸೆ. ಡಬ್ಬದ ಕೆಳಗಿನ ತಟ್ಟೆಯ ನೀರನ್ನು ಚೆಲ್ಲುವ ಕೆಲಸವೂ ಅವಳದೇ. ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ಸುಮಾರು ಒಂದು ವಾರ ಸಾಕು. ಡೆಂಗಿಯ ಸೊಳ್ಳೆಗೆ ಇಂಥ ತಟ್ಟೆಗಳೇ ಇಷ್ಟ.

ಬಿಸಿಲಿನದು ಮಾತ್ರ ಯಾರ ಕೈಯಲ್ಲೂ ಇಲ್ಲದ ಸಂಗತಿ. ಆ ಮನೆಯ ಗ್ರಿಲ್ಲು ಉತ್ತರಕ್ಕಿದೆ. ಜನವರಿಯಲ್ಲಿ ಅಲ್ಲಿ ನೇರ ಬಿಸಿಲು ಬೀಳುವುದಿಲ್ಲ. ಆದರೆ ಮುಂಬೈ, ಪುಣೆಗಳಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ ಇರುತ್ತಾನೆ. ಚೆನ್ನೈಯಲ್ಲಾದರೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ. ದೆಹಲಿಯಲ್ಲಿ ನಡುಹಗಲಿನ ಸೂರ್ಯ ಉತ್ತರಕ್ಕೆ ಬರುವುದೇ ಇಲ್ಲ. ಅಲ್ಲಿ ಉತ್ತರದ ಬಾಲ್ಕನಿಗೆ ಬೇಸಿಗೆಯಲ್ಲೂ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಮಾತ್ರ. ಗಿಡ ತರುವ ಮೊದಲು ನಿಮ್ಮ ಕಿಟಕಿಯ ದಿಕ್ಕನ್ನು ಒಂದು ವರ್ಷ ಗಮನಿಸಿದರೆ ಅರ್ಧ ಖರ್ಚು ಉಳಿಯುತ್ತದೆ. ಡೊಂಬಿವಿಲಿಯ ಉತ್ತರದ ಗ್ರಿಲ್ಲಿನಲ್ಲಿ ಬಸಳೆ ಮೇ ತಿಂಗಳಲ್ಲಿ ಓಡಿತು, ಮಳೆಗಾಲದಲ್ಲಿ ಗ್ರಿಲ್ಲು ತುಂಬಿತು, ಚಳಿಗಾಲದಲ್ಲಿ ಸುಮ್ಮನೆ ನಿಂತಿತು.

ಮಾವ ಹೋದ ಮೇಲಿನ ಮೊದಲ ಆಗಸ್ಟಿನಲ್ಲಿ ಅತ್ತೆ ಒಂದು ಕಟ್ಟು ಬಸಳೆ ಕೊಯ್ದರು. ಅರ್ಧ ಅಡುಗೆಮನೆಗೆ ಹೋಯಿತು. ಉಳಿದರ್ಧವನ್ನು ಬಾಳೆನಾರು ಇಲ್ಲದ್ದರಿಂದ ಹಾಲಿನ ಪ್ಯಾಕೆಟಿನ ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಎದುರು ಮನೆಯ ಬೆಲ್ ಒತ್ತಿದರು. ಎದುರು ಮನೆಯಲ್ಲಿ ಅತ್ತೆಯಷ್ಟೇ ವಯಸ್ಸಿನ ಮರಾಠಿ ಕಾಕು. ಅತ್ತೆಗೆ ಮರಾಠಿ ಬಾರದು, ಕಾಕುಗೆ ಕನ್ನಡ ಬಾರದು. ಕಾಕು ಕಟ್ಟನ್ನು ನೋಡಿ “ಮಾಯಾಳು!” ಎಂದರು. ಆ ವಾರದಿಂದ ಅತ್ತೆ ಎರಡನೇ ಸಲ ಅನ್ನ ಹಾಕಿಸಿಕೊಂಡರು ಎಂದು ಹೇಳಿದರೆ ಕಥೆಯಂತೆ ಕೇಳಿಸುತ್ತದೆ. ಹಾಗಾಗಲಿಲ್ಲ. ಸೊಸೆಗೆ ತಿಳಿದದ್ದು ಬೇರೆ ಬದಲಾವಣೆ. ಅತ್ತೆ ಮತ್ತೆ ಕೇಳತೊಡಗಿದರು. “ನಾಳೆ ಬರುವಾಗ ಹಲಸಿನ ಬೀಜ ಸಿಕ್ಕಿದರೆ ತಾ. ಬಸಳೆ ಉಂಟಲ್ಲ.” ತನ್ನದೆಂದು ಒಂದು ವಸ್ತು ಅಡುಗೆಮನೆಗೆ ಕೊಟ್ಟ ಮೇಲೆ ಇನ್ನೊಂದನ್ನು ಕೇಳಲು ಅವರಿಗೆ ಸಂಕೋಚವಾಗಲಿಲ್ಲ.

ಎರಡನೇ ವರ್ಷದ ದೀಪಾವಳಿ ಕಳೆದ ಮೇಲೆ ಸೊಸೈಟಿಯ ನೋಟಿಸು ಬಂತು. ಕಟ್ಟಡದ ಹೊರಗೋಡೆಯ ರಿಪೇರಿ, ಗಾರೆ, ಬಣ್ಣ. ಹದಿನೈದು ದಿನದಲ್ಲಿ ಎಲ್ಲರೂ ಗ್ರಿಲ್ಲು ಖಾಲಿ ಮಾಡಬೇಕು, ಇನ್ನು ಮುಂದೆ ಗ್ರಿಲ್ಲಿನಲ್ಲಿ ಕುಂಡ ಇಡಬಾರದು. ಕೆಳಗಿನ ಮನೆಯವರ ಮಲಗುವ ಕೋಣೆಯ ಗೋಡೆಗೆ ನೀರಿಳಿದು ಬೂಸ್ಟು ಹಿಡಿದಿತ್ತು. ಅದು ಸುಳ್ಳು ದೂರಲ್ಲ. ಸೊಸೆ ಕೆಳಗೆ ಹೋಗಿ ನೋಡಿ ಬಂದಳು. ಡಬ್ಬಗಳಿಂದ ಹರಿದ ನೀರು ಗ್ರಿಲ್ಲಿನ ಬುಡದ ಬಿರುಕಿಗೆ ಇಳಿಯುತ್ತಿದ್ದದ್ದು ಕಣ್ಣಿಗೇ ಕಂಡಿತು. ಆ ಮನೆಯಲ್ಲಿ ಉಬ್ಬಸದ ಮಗುವಿತ್ತು. ಒಂದು ಬಳ್ಳಿಯ ಪರವಾಗಿ ವಾದಿಸಲು ಅವಳಿಗೆ ಬಾಯಿ ಬರಲಿಲ್ಲ.

ಅತ್ತೆ ನೋಟಿಸು ಓದಲಿಲ್ಲ. ವಿಷಯ ಕೇಳಿ ಕತ್ತಿ ತೆಗೆದುಕೊಂಡರು. ಬಳ್ಳಿಯನ್ನು ಗೇಣುದ್ದದ ತುಂಡುಗಳಾಗಿ ಕೊಯ್ದು, ಆ ಸೊಸೈಟಿಯ ಆರು ಮನೆಗಳಿಗೆ ಹಂಚಿದರು. ನೋಟಿಸಿನ ಕೆಳಗೆ ಸಹಿ ಮಾಡಿದ ಸೆಕ್ರೆಟರಿಯ ಮನೆಗೂ ಒಂದು ಹೋಯಿತು. “ಎಲ್ಲ ಕಡೆ ಸಾಯುವುದಿಲ್ಲ” ಎಂದಷ್ಟೇ ಹೇಳಿದರು. ಹಳ್ಳಿಯಲ್ಲಿ ಇದು ಹಳೇ ವಿಮೆ. ಒಂದು ಮನೆಯ ಚಪ್ಪರ ಗಾಳಿಗೆ ಬಿದ್ದರೆ ಬಳ್ಳಿ ಪಕ್ಕದ ಮನೆಯಲ್ಲಿರುತ್ತದೆ. ಬಸಳೆ, ವೀಳ್ಯದೆಲೆ, ದೊಡ್ಡಪತ್ರೆ ಎಲ್ಲ ಹೀಗೆಯೇ ಊರಿನಲ್ಲಿ ಉಳಿದು ಬಂದದ್ದು. ಇವುಗಳನ್ನು ಯಾರೂ ಬೀಜದ ಅಂಗಡಿಯಿಂದ ತಂದವರಲ್ಲ.

ರಿಪೇರಿ ನಾಲ್ಕು ತಿಂಗಳು ಹಿಡಿಯಿತು. ಕಟ್ಟಡದ ಸುತ್ತ ಬಿದಿರು ಕಟ್ಟಿ ಹಸಿರು ಬಲೆ ಇಳಿಬಿಟ್ಟರು. ಮೆಟ್ಟಿಲ ಪಕ್ಕಕ್ಕೆ ಹೋದ ತಾಯಿಬಳ್ಳಿ ಕತ್ತಲಿಗೆ ಬೆಳ್ಳಗಾಗಿ, ಸಿಮೆಂಟಿನ ಧೂಳು ಕುಡಿದು ಸತ್ತಿತು. ಆರು ಮನೆಗಳಲ್ಲಿ ನಾಲ್ಕು ಮನೆಯವು ಚಿಗುರಲೇ ಇಲ್ಲ. ಒಂದನ್ನು ಪಾರಿವಾಳ ಕುಕ್ಕಿತು. ಉಳಿದದ್ದು ಕಾಕುವಿನ ಮನೆಯದು. ಅವರ ಅಡುಗೆಮನೆಯ ಹಿಂದಿನ ಇಕ್ಕಟ್ಟಾದ ಜಾಗ ದಕ್ಷಿಣಕ್ಕೆ ತೆರೆದಿತ್ತು. ಚಳಿಗಾಲದ ಬಿಸಿಲು ಬೀಳುವುದು ಅಲ್ಲೇ. ಹಳೆಯ ಎಣ್ಣೆ ಡಬ್ಬದಲ್ಲಿ ನೆಟ್ಟ ಬಳ್ಳಿ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಸಾಗುತ್ತಿತ್ತು.

ಈಗ ಮೂರನೇ ಮಹಡಿಯ ಗ್ರಿಲ್ಲಿನಲ್ಲಿ ಕುಂಡವಿಲ್ಲ. ಕಿಟಕಿಯ ಒಳಗೆ ಒಂದು ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಅರೆಬಿಸಿಲು ಸಾಕೆನ್ನುವ ದೊಡ್ಡಪತ್ರೆ ಮತ್ತು ಒಂದೆಲಗ, ಕೆಳಗೆ ಆಳದ ತಟ್ಟೆಗಳು. ಮಳೆಗಾಲಕ್ಕೆ ಮೊದಲು ಸ್ಟ್ಯಾಂಡಿನ ಮೂಲೆಗೂ ಒಂದು ಬಸಳೆ ತುಂಡು ಇಡಬೇಕೆಂದು ಅತ್ತೆ, ಬೇಡವೆಂದು ಸೊಸೆ. ಆ ಮಾತು ಇನ್ನೂ ತೀರ್ಮಾನವಾಗಿಲ್ಲ. ಹುಳಿಗೆ ಬಸಳೆಯ ಕೊರತೆ ಮಾತ್ರ ಇಲ್ಲ. ಕಾಕು ವಾರಕ್ಕೊಮ್ಮೆ ಬಳ್ಳಿ ಕೊಯ್ದು ದೊಡ್ಡ ಎಲೆಗಳನ್ನು ಬಜ್ಜಿಗೆಂದು ಇಟ್ಟುಕೊಳ್ಳುತ್ತಾರೆ. ಮೊದಮೊದಲು ದಂಟನ್ನು ಕಸದ ಬುಟ್ಟಿಗೆ ಹಾಕುತ್ತಿದ್ದರು. ಅದನ್ನು ಕಂಡ ಅತ್ತೆ ಸೊಸೆಯನ್ನು ಕರೆದು, “ದಂಟು ಬಿಸಾಡ್ತಾರೆ, ಅದು ನನಗೆ ಬೇಕು ಅಂತ ಅವರ ಭಾಷೆಯಲ್ಲಿ ಹೇಳು” ಎಂದರು. ಸೊಸೆ ಹೇಳಿದಳು. ಅಂದಿನಿಂದ ಎಲೆ ಆ ಮನೆಗೆ, ದಂಟು ಈ ಮನೆಗೆ.