ಚಿಲ್ಲರೆ ಯಾರ ಕೈಗೆ?

ಕತ್ತಿಗೆ ಕೊರಳೊಡ್ಡಿ ನಿಶ್ಚಿಂತೆಯಿಂದ ಕಣ್ಣು ಮುಚ್ಚುವ ನಾವು, ಕ್ಷೌರದ ಕುರ್ಚಿಯಿಂದ ಇಳಿದು ಕಿಸೆಗೆ ಕೈ ಹಾಕುವಾಗ ಮಾತ್ರ ಚಿಂತೆಗೆ ಬೀಳುತ್ತೇವೆ. ದೋಸೆ ತಂದಿಟ್ಟ ಸಪ್ಲೈಯರ್‌ಗೆ ಹತ್ತು ರೂಪಾಯಿ ಬಿಟ್ಟು ಬರಲು ಯೋಚನೆ ಬೇಕಿಲ್ಲ. ಅರ್ಧ ಗಂಟೆ ನಿಂತು ನಮ್ಮ ತಲೆಯನ್ನು ತಿದ್ದಿದವನಿಗೆ ಕೊಡಬೇಕೋ ಬೇಡವೋ, ಕೊಟ್ಟರೆ ಎಷ್ಟು, ಕೊಟ್ಟರೆ ಅವನಿಗೆ ಅವಮಾನವೋ ಎಂದು ನೂರೆಂಟು ಅನುಮಾನ. ಈ ಗೊಂದಲಕ್ಕೆ ನಮ್ಮ ಜಿಪುಣತನವೊಂದೇ ಕಾರಣವಲ್ಲ. ಟಿಪ್ಸನ್ನು ದಾನವೆಂದು ಎಣಿಸಿದ್ದೇ ಮೊದಲ ತಪ್ಪು. ಈ ಕಸುಬಿನ ಹಿಂದಿನ ಲೆಕ್ಕ ನೋಡಿದರೆ ಅದು ದಾನವಾಗಿರಲಿಲ್ಲ, ಸಲ್ಲಬೇಕಾದ ಬಾಕಿಯಾಗಿತ್ತು.

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಗೌಡ, ಶಾನುಭೋಗ, ಕಮ್ಮಾರ, ಬಡಗಿ, ಕುಂಬಾರ, ಅಗಸ, ತೋಟಿ, ನೀರಗಂಟಿ ಮೊದಲಾದ ಹನ್ನೆರಡು ಆಯಗಾರರ ಸಾಲಿನಲ್ಲಿ ಕ್ಷೌರಿಕನೂ ಒಬ್ಬ. ಒಂದೊಂದು ಕ್ಷೌರಕ್ಕೂ ಅವನಿಗೆ ಕಾಸು ಎಣಿಸುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ರಾಶಿಯಿಂದ ತನ್ನ ಪಾಲಿನ ಧಾನ್ಯ ಅಳೆಸಿಕೊಂಡು ಹೋಗುತ್ತಿದ್ದ. ಮದುವೆ, ನಾಮಕರಣಗಳಿಗೆ ಅಕ್ಕಿ, ಕಾಯಿ, ವೀಳ್ಯ ಬೇರೆ. ಆ ಧಾನ್ಯದ ಹೆಸರೇ ಆಯ. ಅದನ್ನು ಕೇಳುವಾಗ ಅವನು ಕೈಚಾಚಬೇಕಿರಲಿಲ್ಲ. ಹಾಗೆಂದು ಆ ಕಾಲವನ್ನು ಹೊಗಳುತ್ತ ಕೂರುವುದು ಬೇಡ. ಆಯದ ಹಕ್ಕಿನ ಜೊತೆಗೇ ಜಾತಿಯ ಕಟ್ಟೂ ಇತ್ತು: ಕಸುಬು ಬಿಡುವಂತಿಲ್ಲ, ಮನೆಯ ಒಳಕ್ಕೆ ಬರುವಂತಿಲ್ಲ, ಮಳೆ ಕೈಕೊಟ್ಟ ವರ್ಷ ಪಾಲೂ ಬರಿದು. ನಗದಿನ ಕಾಲ ಬಂದಾಗ ಕಟ್ಟು ಸಡಿಲವಾದದ್ದು ಒಳ್ಳೆಯದೇ. ಆದರೆ ಹಕ್ಕೂ ಅದರ ಜೊತೆಗೇ ಕಳಚಿ, ಉಳಿದದ್ದು ಗಿರಾಕಿಯ ಮರ್ಜಿ. ಇವತ್ತಿನ ಟಿಪ್ಸು ಆ ಮರ್ಜಿಯ ಹೆಸರು.

ದರ ಕೊಟ್ಟಾಯಿತಲ್ಲ, ಸಂಬಳ ಕೊಡುವುದು ಮಾಲೀಕನ ಪಾಡು ಎನ್ನುವವರ ಮಾತಿನಲ್ಲಿ ಹುರುಳಿದೆ. ಅಮೆರಿಕದಲ್ಲಿ ಕ್ಷೌರಕ್ಕೆ ನೂರಕ್ಕೆ 15ರಿಂದ 20ರಷ್ಟು ಟಿಪ್ಸು ಕೊಡುವುದು ರೂಢಿ. ಅಲ್ಲಿನ ಫೆಡರಲ್ ಕಾನೂನಿನಲ್ಲಿ ಟಿಪ್ಸು ಪಡೆಯುವ ನೌಕರನಿಗೆ ಮಾಲೀಕ ನೇರವಾಗಿ ಕೊಡಬೇಕಾದ ಕನಿಷ್ಠ ಕೂಲಿ 1991ರಿಂದ ಗಂಟೆಗೆ 2.13 ಡಾಲರಿಗೇ ನಿಂತಿದೆ. ಟಿಪ್ಸು ಸೇರಿಯೂ 7.25 ಮುಟ್ಟದಿದ್ದರೆ ಮಾತ್ರ ಮಾಲೀಕ ತುಂಬಿಕೊಡಬೇಕು. ಹಲವು ರಾಜ್ಯಗಳು ಇದನ್ನು ಏರಿಸಿವೆ, ನಿಜ. ಆದರೂ ಗಿರಾಕಿಯ ಔದಾರ್ಯ ಮಾಲೀಕನ ಜವಾಬ್ದಾರಿಯನ್ನು ಹೇಗೆ ತಿಂದುಹಾಕಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದ್ದರಿಂದ ಶೇಕಡಾವಾರು ಕಡ್ಡಾಯ ನಮಗೆ ಬೇಡವೇ ಬೇಡ. ಆದರೆ ಸಂಬಳ ಸರಿಯಾಗುವ ತನಕ ಟಿಪ್ಸು ಕೊಡೆನು ಎನ್ನುವುದು, ಕೆರೆ ತುಂಬುವ ತನಕ ಬಾಯಾರಿದವನಿಗೆ ನೀರು ಕೊಡೆನು ಎಂದಂತೆ. ಆ ತತ್ತ್ವನಿಷ್ಠೆಯ ಬೆಲೆ ತೆರುವವನು ಮಾಲೀಕನಲ್ಲ, ಕತ್ತರಿ ಹಿಡಿದವನು.

ಹಾಗಾದರೆ ಯಾರಿಗೆ? ಮಂಗಳವಾರವೊಂದು ಬಿಟ್ಟು ದಿನವೂ ತಾನೇ ಬಾಗಿಲು ತೆರೆದು ತಾನೇ ಕತ್ತರಿ ಆಡಿಸುವ ಅಂಗಡಿಯವನಿಗೆ ದರವೇ ಗೌರವ. ಅವನು ಹತ್ತು ರೂಪಾಯಿ ಏರಿಸಿದಾಗ ಗೊಣಗದಿದ್ದರೆ ಅದೇ ಟಿಪ್ಸು. ಪಾಲಿಗೋ ಸಂಬಳಕ್ಕೋ ದುಡಿಯುವವನ ಕಥೆ ಬೇರೆ. ಹಿಂದೆ ‘ಚಿಲ್ಲರೆ ಇಟ್ಕೊಳ್ಳಪ್ಪ’ ಎಂದರೆ ಮುಗಿಯುತ್ತಿತ್ತು. ಈಗ ಗೋಡೆಯ ಮೇಲಿನ ಕ್ಯೂಆರ್ ಚೌಕಕ್ಕೆ ಫೋನು ಹಿಡಿದು ಹತ್ತು ರೂಪಾಯಿ ಹೆಚ್ಚು ಒತ್ತಿದರೆ ಅದು ನೇರ ಮಾಲೀಕನ ಖಾತೆಗೆ. ಕೂದಲು ಗುಡಿಸುವ ಹುಡುಗನಿಗೂ ಪಾರ್ಲರಿನಲ್ಲಿ ತಲೆ ತೊಳೆಯುವ ಹೆಣ್ಣುಮಗಳಿಗೂ ಅದರಲ್ಲಿ ಪಾಲು ಸಿಕ್ಕೀತೆಂಬ ಭರವಸೆಯಿಲ್ಲ. ದೊಡ್ಡ ಸಲೂನುಗಳಿಗೆ ಹೋಗುವವರಿಗೆ ಇನ್ನೊಂದು ಲೆಕ್ಕವಿದೆ. 2025ರ ಸೆಪ್ಟೆಂಬರ್ 22ರಿಂದ ಈ ಸೇವೆಗಳ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತು. ಮೂಲ ದರ ಏರಿಸದ ಕಡೆ 500 ರೂಪಾಯಿಯ ಕೆಲಸಕ್ಕೆ 65 ರೂಪಾಯಿ ಉಳಿತಾಯ. ಅದರಲ್ಲಿ ಅರ್ಧ, ಕೆಲಸ ಮಾಡಿದ ಕೈಗೆ ಹೋದರೆ ಯಾರೂ ಬಡವರಾಗುವುದಿಲ್ಲ.

ಕೊಡುವುದಾದರೆ ನೋಟನ್ನೇ ಕೊಡಿ, ಕೆಲಸ ಮಾಡಿದ ಕೈಗೇ ಕೊಡಿ, ಸಲಾಮಿಗೆ ಕಾಯದೆ ಹೊರಡಿ. ಕಣದಲ್ಲಿ ಧಾನ್ಯ ಅಳೆಸಿಕೊಂಡವನು ಅದನ್ನು ಭಿಕ್ಷೆ ಎಂದು ಒಯ್ಯಲಿಲ್ಲ.