ಎದುರುತ್ತರ ಕಲಿಸಿದ ಮೇಷ್ಟ್ರು

"ಮೇಷ್ಟ್ರೇ, ನೀವು ಇಂಗ್ಲಿಷ್ ಕಲಿಸ್ತೀರೋ, ಎದುರುತ್ತರ ಕೊಡೋದು ಕಲಿಸ್ತೀರೋ?"

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೀಗೆ ಕೇಳಿದವರು ನನ್ನ ಹತ್ತನೆಯ ತರಗತಿಯ ಹುಡುಗನೊಬ್ಬನ ತಂದೆ. 1995ರ ಮಾತು. ನಾನು ಆಗ ಹಾಸನ ಜಿಲ್ಲೆಯ ಒಂದು ಹೋಬಳಿಯ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. "ಬನ್ನಿ ಗೌಡ್ರೇ, ಕೂತ್ಕೊಳ್ಳಿ" ಎಂದೆ. ಅವರು ಕೂರಲಿಲ್ಲ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಮಗ ಅಪ್ಪನ ಮಾತಿಗೆ ಒಂದು, ಎರಡು, ಮೂರು ಎಂದು ಬೆರಳು ಮಡಿಚಿ ಕಾರಣ ಕೊಟ್ಟು ವಾದಿಸಿದ್ದನಂತೆ. ಎಲ್ಲಿ ಕಲಿತೆ ಎಂದು ಗದರಿದರೆ "ಇಂಗ್ಲಿಷ್ ಕ್ಲಾಸಿನಲ್ಲಿ" ಎಂದನಂತೆ.

ಆರೋಪ ನಿಜವಾಗಿತ್ತು. ಅದರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು.

ಅದಕ್ಕೂ ಹಿಂದಿನ ವರ್ಷ ಒಂದು ಇಂಗ್ಲಿಷ್ ಚರ್ಚಾಸ್ಪರ್ಧೆಗೆ ನಮ್ಮ ಶಾಲೆಯ ಹುಡುಗಿಯೊಬ್ಬಳನ್ನು ತಯಾರು ಮಾಡಿದ್ದೆ. ತಯಾರು ಎಂದರೆ, ಭಾಷಣ ಬರೆದವನು ನಾನು, ಉರು ಹೊಡೆದವಳು ಅವಳು. ಎಲ್ಲಿ ಕೈ ಎತ್ತಬೇಕು, ಎಲ್ಲಿ ದನಿ ಏರಿಸಬೇಕು ಎಂಬುದನ್ನೂ ನಾನೇ ಹೇಳಿಕೊಟ್ಟಿದ್ದೆ. ಬಹುಮಾನ ಬಂತು. ಅವಳು ವೇದಿಕೆಯಿಂದ ಇಳಿದಾಗ ತೀರ್ಪುಗಾರರೊಬ್ಬರು ಪ್ರೀತಿಯಿಂದ, ಇಂಗ್ಲಿಷಿನಲ್ಲಿ, "ನಿನಗೆ ನಿಜವಾಗಿ ಹಾಗೇ ಅನ್ನಿಸುತ್ತದೆಯೇನಮ್ಮಾ?" ಎಂದು ಕೇಳಿದರು. ಹುಡುಗಿ ನನ್ನ ಮುಖ ನೋಡಿದಳು. ಇದಕ್ಕೆ ನೀವು ಉತ್ತರ ಬರೆದುಕೊಟ್ಟಿಲ್ಲವಲ್ಲ ಸಾರ್ ಎನ್ನುವಂತಿತ್ತು ಆ ನೋಟ. ಬಸ್ಸಿನಲ್ಲಿ ಹಿಂದಿರುಗುವಾಗ ಆ ಕಪ್ಪು ನನ್ನ ತೊಡೆಯ ಮೇಲೆ ಬಹಳ ಭಾರವಾಗಿತ್ತು.

ಆಗ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದು ಐದನೆಯ ತರಗತಿಯಲ್ಲಿ. ಆರು ವರ್ಷ ಕಲಿತ ಮಕ್ಕಳು ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುತ್ತಿದ್ದರು. ಆದರೆ ಬಾಯಿಬಿಟ್ಟು ಒಂದು ವಾಕ್ಯ ಹೇಳುತ್ತಿರಲಿಲ್ಲ. ಹೇಳಬೇಕಾದ ಪ್ರಸಂಗವನ್ನೇ ನಾವು ಒದಗಿಸಿರಲಿಲ್ಲ ಎಂಬುದು ನನಗೆ ಹೊಳೆದದ್ದು ತಡವಾಗಿ. ಎನ್. ಎಸ್. ಪ್ರಭು ಎಂಬ ವಿದ್ವಾಂಸರು 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮುಂತಾದ ಕಡೆಯ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದ್ದರು. ಮಕ್ಕಳಿಗೆ ವ್ಯಾಕರಣದ ಪಾಠ ಹೇಳುವ ಬದಲು ರೈಲ್ವೆ ವೇಳಾಪಟ್ಟಿ, ನಕ್ಷೆ ಕೊಟ್ಟು ಇಂಗ್ಲಿಷಿನಲ್ಲಿ ಸಮಸ್ಯೆ ಬಿಡಿಸಲು ಹೇಳುವುದು. ಮನಸ್ಸು ಅರ್ಥದ ಮೇಲಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ಅವರು ಅಭಿಪ್ರಾಯದ ಚರ್ಚೆಗಿಂತ ತರ್ಕದ ಕೆಲಸಗಳನ್ನೇ ಹೆಚ್ಚು ನೆಚ್ಚಿದವರು. ನಾನು ಆ ತತ್ವವನ್ನು ನನ್ನ ಕೈಗೆಟುಕುವಷ್ಟು ಬಗ್ಗಿಸಿಕೊಂಡೆ. ನಕ್ಷೆಗೆ ಖರ್ಚುಂಟು, ಚರ್ಚೆಗೆ ಇಲ್ಲವಲ್ಲ!

ಶುಕ್ರವಾರದ ಕೊನೆಯ ಪೀರಿಯಡ್ ಚರ್ಚೆಗೆ ಮೀಸಲಾಯಿತು. ಮೊದಲ ವಾರ ಮಾತಾಡಿದವರು ಐವತ್ತೆರಡು ಮಕ್ಕಳಲ್ಲಿ ನಾಲ್ಕೇ ಜನ. ಎರಡನೆಯ ವಾರ ಮನೆಯಿಂದ ಹುಣಸೆಬೀಜ ತಂದು ಒಬ್ಬೊಬ್ಬರಿಗೂ ಎರಡೆರಡು ಹಂಚಿದೆ. ಒಮ್ಮೆ ಮಾತಾಡಿದರೆ ಒಂದು ಬೀಜ ಮೇಜಿನ ಮೇಲಿಡಬೇಕು. ಬೀಜ ಮುಗಿದವರು ಬಾಯಿ ಮುಚ್ಚಬೇಕು, ಉಳಿದವರು ಖರ್ಚು ಮಾಡಲೇಬೇಕು. ಒಂದೇ ಶುಕ್ರವಾರದಲ್ಲಿ ಎಲ್ಲರ ಸರದಿ ಮುಗಿಯುತ್ತಿರಲಿಲ್ಲ, ಉಳಿದ ಬೀಜ ಮುಂದಿನ ವಾರಕ್ಕೆ. ತಪ್ಪಿಗೆ ನಡುವೆ ಬಾಯಿ ಹಾಕುವುದನ್ನು ನಾನೂ ಬಿಟ್ಟೆ. ತಪ್ಪುಗಳನ್ನು ಗುರುತು ಹಾಕಿಕೊಂಡು, ಕೊನೆಯ ಹತ್ತು ನಿಮಿಷ ಯಾರ ಹೆಸರೂ ಹೇಳದೆ ಕರಿಹಲಗೆಯ ಮೇಲೆ ತಿದ್ದುತ್ತಿದ್ದೆ.

ಮುಖ್ಯವಾದ ನಿಯಮ ಇನ್ನೊಂದಿತ್ತು. ಎದುರಾಳಿಗೆ ಉತ್ತರ ಕೊಡುವ ಮುಂಚೆ ಅವನು ಹೇಳಿದ್ದನ್ನು ನಿನ್ನ ಮಾತಿನಲ್ಲಿ ಹೇಳಬೇಕು. "ಯೂ ಸೇ ದಟ್..." ಎಂದು ಶುರುಮಾಡಿ, ಅವನು ಹೌದೆಂದು ತಲೆಯಾಡಿಸಿದ ಮೇಲೆ "ಬಟ್ ಐ ಥಿಂಕ್...". ಇದೇನೂ ಪರದೇಶದಿಂದ ತಂದದ್ದಲ್ಲ. ಪೂರ್ವಪಕ್ಷವನ್ನು ನೆಟ್ಟಗೆ ಮಂಡಿಸಿದ ಮೇಲೇ ಸಿದ್ಧಾಂತ ಎಂಬುದು ನಮ್ಮ ಶಾಸ್ತ್ರಗಳ ಹಳೆಯ ಪದ್ಧತಿ. ನಿಜ ತಿಳಿಯಲು ಆಡುವುದು ವಾದ, ಗೆಲ್ಲಲು ಆಡುವುದು ಜಲ್ಪ, ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನವನದನ್ನು ಕೆಡವುವುದಷ್ಟೇ ವಿತಂಡ ಎಂದು ನ್ಯಾಯಸೂತ್ರ ವಿಂಗಡಿಸಿದೆ.

ಇಷ್ಟೆಲ್ಲ ಗೌಡರಿಗೆ ಹೇಳುವುದು ಹೇಗೆ? ಆ ಶುಕ್ರವಾರದ ವಿಷಯ, ಎಸ್ಸೆಸ್ಸೆಲ್ಸಿ ಆದ ಮೇಲೆ ರೈತನ ಮಗ ಊರಲ್ಲೇ ಉಳಿಯಬೇಕೇ, ಬೇಡವೇ ಎಂಬುದಾಗಿತ್ತು. ಹುಡುಗ ಬೇಡ ಎಂದು ಚೆನ್ನಾಗಿಯೇ ವಾದಿಸಿದ್ದ. ಅದೇ ವಾದವನ್ನು ಮನೆಗೆ ಒಯ್ದಿದ್ದ. ಆ ವರ್ಷ ಅವರ ಆಲೂಗಡ್ಡೆಗೆ ಅಂಗಮಾರಿ ಬಿದ್ದು ಬೀಜದ ದುಡ್ಡೂ ಹುಟ್ಟಿರಲಿಲ್ಲ. "ಹಾಸ್ಟೆಲಿಗೆ ಎಲ್ಲಿಂದ ತರ್ಲಿ ಮೇಷ್ಟ್ರೇ? ಅದನ್ನ ಬಾಯಿಬಿಟ್ಟು ಮಗನ ಹತ್ರ ಹೇಳಕ್ಕಾಗುತ್ತಾ?" ಎಂದು ಅವರು ಹೊರಟುಹೋದರು. ನಾನು ಸುಮ್ಮನೆ ಕೂತೆ. ಚರ್ಚೆಗೆ ವಿಷಯ ಆರಿಸುವಾಗ ಅದು ಯಾರ ಮನೆಯ ಒಲೆಗೆ ತಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ಮುಂದಿನ ಶುಕ್ರವಾರ ವಿಷಯ ಅದೇ ಇರಲಿ, ಪಕ್ಷ ಅದಲುಬದಲಾಗಲಿ ಎಂದೆ. ಗೌಡರು ಬಂದದ್ದನ್ನು ತರಗತಿಯಲ್ಲಿ ಹೇಳಲಿಲ್ಲ. ಹುಡುಗನ ಸರದಿ ಬಂತು. ಮನಸ್ಸಿಲ್ಲದೆ ಎದ್ದ. ನಿಧಾನವಾಗಿ, ಪದ ಪದ ಹುಡುಕಿ ಹೇಳಿದ: "ಮೈ ಫಾದರ್ ಈಸ್ ನಾಟ್ ಬ್ಯಾಡ್. ಪೊಟ್ಯಾಟೊ ಗಾನ್. ಇಫ್ ಐ ಗೋ, ಹೂ ವಿಲ್ ಹೆಲ್ಪ್ ಹಿಮ್?" ಅಷ್ಟು ಹೇಳಿ ನಿಂತ. ಎದುರು ಪಕ್ಷದವರು ಯಾರೂ ಏಳಲಿಲ್ಲ.

'ಇಫ್' ವಾಕ್ಯಗಳನ್ನು ನಾನು ಮೂರು ವಾರ ಕಲಿಸಿದ್ದೆ. ಪುಸ್ತಕದಲ್ಲಿ ತುಂಬಿಸಿದ್ದರೇ ಹೊರತು ಒಬ್ಬರೂ ಆಡಿರಲಿಲ್ಲ. ಆ ದಿನ ಅದು ತಪ್ಪಿಲ್ಲದೆ ಬಂತು, ಹುಡುಗನಿಗೆ ಅದು ಬೇಕಾಗಿತ್ತು, ಅದಕ್ಕೆ. 'ಪೊಟ್ಯಾಟೊ ಗಾನ್' ಎಂಬುದನ್ನು ನಾನು ಕರಿಹಲಗೆಯ ಮೇಲೆ ತಿದ್ದಲೂ ಇಲ್ಲ. ಗಂಟೆ ಹೊಡೆದ ಮೇಲೆ ಅವನನ್ನು ಕರೆದು, "ಇವತ್ತು ಹೇಳಿದ್ದನ್ನು ಮನೆಯಲ್ಲಿ ಅಪ್ಪನಿಗೆ ಕನ್ನಡದಲ್ಲಿ ಹೇಳು. ಮೊದಲು ಅವರ ಮಾತು, ಆಮೇಲೆ ನಿನ್ನದು" ಎಂದೆ.

ಜೂನ್ ತಿಂಗಳಲ್ಲಿ ಗೌಡರು ಮತ್ತೆ ಬಂದರು. ಈ ಸಲ ಕೂತರು. ಹುಡುಗ ಹಾಸ್ಟೆಲಿಗೆ ಹೋಗುವುದಿಲ್ಲ, ಊರಲ್ಲೂ ಉಳಿಯುವುದಿಲ್ಲ. ಬೆಳಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಬಸ್ಸು ಹತ್ತಿ ತಾಲ್ಲೂಕಿನ ಜೂನಿಯರ್ ಕಾಲೇಜಿಗೆ ಹೋಗಿ ಬರುತ್ತಾನೆ, ಭಾನುವಾರ ಹೊಲ. ಅಪ್ಪ ಮಗ ಕೂತು ಮಾತಾಡಿ ಮಾಡಿಕೊಂಡ ತೀರ್ಮಾನ ಅದು. ನನ್ನ ತರಗತಿಯ ಎರಡು ಪಕ್ಷಗಳಲ್ಲಿ ಒಂದಕ್ಕೂ ಹೊಳೆಯದಿದ್ದ ಮೂರನೆಯ ದಾರಿ. "ಅರ್ಜಿ ತುಂಬಿಕೊಡಿ ಮೇಷ್ಟ್ರೇ" ಎಂದರು ಗೌಡರು.

2007ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಇದೆ. ವರ್ಷಗಳು ಹೆಚ್ಚಿದವು, ಸಂತೋಷ. ಆದರೆ ಮಗುವಿಗೆ ಹೇಳಬೇಕಾದ ಮಾತೊಂದು ಇರದಿದ್ದರೆ ಹತ್ತು ವರ್ಷವೂ ಉರು ಹೊಡೆಯುವುದರಲ್ಲೇ ಮುಗಿಯುತ್ತದೆ. ವಿದ್ಯಾರ್ಥಿಗಳು ಚರ್ಚೆಗೆ ನಿಲ್ಲುವಾಗ ಯಾರಿಂದಲೂ ಭಾಷಣ ಬರೆಸಿಕೊಳ್ಳಬೇಡಿ. ತಪ್ಪಾದರೂ ನಿಮ್ಮದೇ ಇರಲಿ. ಎರಡೂ ಪಕ್ಷಗಳನ್ನು ಆಡಿ ನೋಡಿ. ತಂದೆತಾಯಿಗಳಿಗೂ ನನ್ನದೊಂದು ಕೋರಿಕೆ. ಮಗ ಎದುರು ಮಾತಾಡಿದಾಗ ಬಾಯಿ ಮುಚ್ಚು ಎನ್ನುವ ಮುಂಚೆ "ನಾನು ಹೇಳಿದ್ದೇನು, ಹೇಳು ನೋಡೋಣ" ಎಂದು ಕೇಳಿ. ಅವನು ಅದನ್ನು ಸರಿಯಾಗಿ ಹೇಳಿದನೆಂದರೆ ಅದು ಎದುರುತ್ತರವಲ್ಲ, ಉತ್ತರ.