ಎರಡು ಕಡ್ಡಿ ಸಿಗ್ನಲ್

ಕಳೆದ ಜೂನ್‌ನಲ್ಲಿ ನನ್ನ ಲ್ಯಾಪ್‌ಟಾಪ್ ಕೈಕೊಟ್ಟಿತು. ಫೆಲೋಶಿಪ್ ಹಣ ಐದು ತಿಂಗಳಿಂದ ಬಂದಿರಲಿಲ್ಲ. ಪಿಎಚ್‌ಡಿ ಮುಗಿಸಿ ಉಡುಪಿಗೆ ಹೊರಟಿದ್ದ ಸೀನಿಯರ್ ಒಬ್ಬರು ತಮ್ಮ ಹಳೆಯ ಡೆಸ್ಕ್‌ಟಾಪನ್ನು ‘ದುಡ್ಡು ಆಮೇಲೆ ಕೊಡು ಮಾರಾಯ್ತಿ’ ಎಂದು ಬಿಟ್ಟುಹೋದರು. ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ತಂದೆ. ಎಲ್ಲ ಜೋಡಿಸಿ ಆನ್ ಮಾಡಿದ ಮೇಲೆಯೇ ಗೊತ್ತಾದದ್ದು, ಅದಕ್ಕೆ ವೈಫೈ ಇಲ್ಲ.

ಮೈಸೂರಿನಲ್ಲಿ ನನ್ನದು ಮಹಡಿಯ ಮೇಲಿನ ಒಂಟಿ ಕೋಣೆ. ಇಂಟರ್ನೆಟ್ ಕೆಳಗಿನ ಮನೆಯ ಆಂಟಿಯದು. ಪಾಸ್‌ವರ್ಡನ್ನು ಅವರಾಗಿಯೇ ಕೊಟ್ಟಿದ್ದರು. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ಅಗ್ಗದ, ಗಟ್ಟಿಯಾದ ದಾರಿ ರೂಟರ್‌ನಿಂದ ಒಂದು ಕೇಬಲ್ ಎಳೆಯುವುದು. ಆದರೆ ಅದಕ್ಕೆ ಅವರ ಹಾಲ್‌ನ ಕಿಟಕಿಯಲ್ಲಿ ದಾರಿ ಕೇಳಬೇಕು. ಎರಡು ತಿಂಗಳ ಬಾಡಿಗೆ ಬಾಕಿ ಇಟ್ಟುಕೊಂಡು ಕಿಟಕಿ ಕೇಳುವುದು ನನ್ನಿಂದಾಗಲಿಲ್ಲ. ಫೋನಿನ ಡೇಟಾ ದಿನಕ್ಕೆ ಒಂದೂವರೆ ಜಿಬಿ. ನನ್ನ ಪ್ರಬಂಧಕ್ಕೆ ಬೇಕಾದ ಹಳೆಯ ಪತ್ರಿಕೆಗಳ ಸ್ಕ್ಯಾನ್ ಪ್ರತಿಗಳು ಅದನ್ನು ಬೆಳಗಿನ ಕಾಫಿಯೊಳಗೇ ಮುಗಿಸುತ್ತಿದ್ದವು. ಉಳಿದದ್ದು ವೈಫೈ ಅಡಾಪ್ಟರ್.

ಅಂಗಡಿಯವನು ಮೂರು ಬಗೆಯವನ್ನು ಮುಂದಿಟ್ಟ. ಉಗುರಿನಷ್ಟು ಪುಟ್ಟದು, ಆಂಟೆನಾ ಇರುವ 150 ಮೆಗಾಬಿಟ್‌ನದು, ಅದರ ಎರಡರಷ್ಟು ಬೆಲೆಯ, 5 ಗಿಗಾಹರ್ಟ್ಸ್‌ಗೂ ಸಿಗುವ 600ರದು. ‘ಮೇಡಂ, 600 ತಗೊಳ್ಳಿ, ಫಾಸ್ಟು.’ ಪೆಟ್ಟಿಗೆಯ ಮೇಲಿನ ಅಂಕಿ ಆದರ್ಶ ಸ್ಥಿತಿಯ ಲೆಕ್ಕ. ಕೈಗೆ ದಕ್ಕುವುದು ಸಾಮಾನ್ಯವಾಗಿ ಅದರ ಅರ್ಧಕ್ಕೂ ಕಡಿಮೆ. ಅಷ್ಟಿದ್ದರೂ ಸಾಕಿತ್ತು, ಆಂಟಿಯ ಸಂಪರ್ಕವೇ 40 ಮೆಗಾಬಿಟ್‌ನದು. 5 ಗಿಗಾಹರ್ಟ್ಸ್ ಒಂದೇ ಕೋಣೆಯಲ್ಲಿ ವೇಗ, ಗೋಡೆ ದಾಟುವಾಗ ಬೇಗ ಸೊರಗುತ್ತದೆ. ನನಗೂ ರೂಟರ್‌ಗೂ ನಡುವೆ ಇದ್ದದ್ದು ಕಾಂಕ್ರೀಟ್ ತಾರಸಿ. 2.4ರ ಅಲೆ ಅಕ್ಕಪಕ್ಕದ ಮನೆಗಳ ವೈಫೈ ಜೊತೆ ನೂಕುನುಗ್ಗಲಿನಲ್ಲಿ ಓಡಾಡಿದರೂ ಮೇಲಕ್ಕೆ ಹತ್ತಿ ಬರುತ್ತದೆ. ಆಂಟೆನಾದ್ದನ್ನೇ ತಂದೆ.

ಇಷ್ಟೆಲ್ಲ ಲೆಕ್ಕ ಹಾಕಿದವಳು ಚಿಪ್ ಯಾವುದೆಂದು ನೋಡಿರಲಿಲ್ಲ. ಸೀನಿಯರ್ ಹಾಕಿಕೊಟ್ಟದ್ದು ಉಬುಂಟು. ಒಂದೇ ಮಾದರಿಯ ಹೆಸರಿನಲ್ಲಿ ಎರಡು ಮೂರು ಆವೃತ್ತಿಗಳಿರುತ್ತವೆ, ಒಳಗಿನ ಚಿಪ್ ಬೇರೆ ಬೇರೆ. ಒಂದು ಹಾಕಿದ ತಕ್ಷಣ ನಡೆಯುತ್ತದೆ, ಇನ್ನೊಂದು ಡ್ರೈವರ್ ಕೇಳುತ್ತದೆ. ನನ್ನದು ಕೇಳುವ ಜಾತಿ. ಜೊತೆಗೆ ಬಂದ ಪುಟಾಣಿ ಸಿಡಿ ಹಾಕಲು ಡೆಸ್ಕ್‌ಟಾಪಿಗೆ ಸಿಡಿ ಡ್ರೈವ್ ಇಲ್ಲ. ಇಂಟರ್ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ಬರಲು ಇಂಟರ್ನೆಟ್ ಬೇಕು! ಕೊನೆಗೆ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಅದರ ಡೇಟಾದಿಂದ ಇಳಿಸಿಕೊಂಡೆ. ರಾತ್ರಿ ಎರಡು ಗಂಟೆಯಾಗಿತ್ತು.

ಸಿಗ್ನಲ್ ಒಂದೇ ಕಡ್ಡಿ. ಅಡಾಪ್ಟರ್ ಕುಳಿತದ್ದು ಸಿಪಿಯು ಹಿಂಭಾಗದಲ್ಲಿ, ತಗಡಿನ ಪೆಟ್ಟಿಗೆಗೂ ಗೋಡೆಗೂ ನಡುವೆ. ಮರುದಿನ ನೂರು ರೂಪಾಯಿಯೊಳಗಿನ ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ತಂದು, ಅಡಾಪ್ಟರನ್ನು ಮೆಟ್ಟಿಲ ಕಡೆಯ ಕಿಟಕಿಯ ಸರಳಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದೆ. ಎರಡು ಕಡ್ಡಿ, ಒಮ್ಮೊಮ್ಮೆ ಮೂರು. ನನ್ನ ಖರ್ಚಿನಲ್ಲಿ ಸಾರ್ಥಕವಾದದ್ದು ಆ ವೈರೇ.

ಒಂದು ತೊಂದರೆಗೆ ಮಾತ್ರ ಉಪಾಯವಿರಲಿಲ್ಲ. ಪಿಯುಸಿ ಓದುವ ಮಗ ಮಲಗಲೆಂದು ಆಂಟಿ ಹತ್ತೂವರೆಗೆ ರೂಟರ್ ಆರಿಸುತ್ತಿದ್ದರು. ಮೂರನೇ ಅಧ್ಯಾಯ ಗೈಡ್‌ಗೆ ಕಳುಹಿಸಬೇಕಿದ್ದ ಹಿಂದಿನ ದಿನ ಅವರು ಬಟ್ಟೆ ತೆಗೆಯಲು ಮೇಲೆ ಬಂದರು. ಕಿಟಕಿಗೆ ಕಟ್ಟಿದ್ದನ್ನು ನೋಡಿ, ‘ಇದೇನಮ್ಮ, ಬಾವುಟ?’ ಎಂದರು. ಹೇಳಿದೆ. ಬಾಡಿಗೆ ಮಾತು ಬರುತ್ತದೆಂದು ಕಾಯುತ್ತಿದ್ದೆ.

‘ಇವತ್ತು ಆಫ್ ಮಾಡಲ್ಲ ಬಿಡು. ಅವನ ಮೊಬೈಲು ಕಿತ್ತಿಟ್ಕೋತೀನಿ’ ಎಂದು ಬಕೆಟ್ ಎತ್ತಿಕೊಂಡು ಇಳಿದುಹೋದರು.